ತಾಯಿ ಹೆಸರು ತಾಳೆಯಾಗಿಲ್ಲ

ಪುಣೆ
ತಾ. 11-6-2006

ಅಬ್ಬಾ,

ಸಲಾಮ್. ನಾ ಆರಾಮ ಅದೀನಿ. ನಿಮ್ಮ ಕೆಮ್ಮು ಹ್ಯಾಂಗ ಐತಿ? ಹತ್ತಿ ಹಿಂಜೂ ಮಷೀನಿನ ಮುಂದ ಕುಂಡ್ರುವಾಗ ಬಾಯಿಗೆ ಅರಿವಿ ಕಟ್ಟಿಕೊಳ್ರಿ ಅಂತ ಹತ್ತು ಸಲ ಹೇಳೀನಿ. ನೀವು ಕಟ್ಟೂದಿಲ್ಲ ಅಂತನೂ ಗೊತ್ತೈತಿ.

ಈಗ ಬರಿಯೂ ಮಾತು ಫೋನಿನ್ಯಾಗ ಹೇಳಬಹುದಿತ್ತು. ಆದ್ರ ನೀವು ಮಾತಾಡೂದು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನ್ಯಾಗ. ಹಿಂದ ನಾಲ್ಕ ಮಂದಿ ನಿಂತಿರ್ತಾರ. "ಹೂಂ, ಹೂಂ, ಇಡ್ತೀನಿ" ಅಂದುಬಿಡ್ತೀರಿ. ಅದಕ್ಕ ಕಾಗದ. ಇದನ್ನ ಫುಪ್ಪಿ ಮುಂದ ಓದಬ್ಯಾಡ್ರಿ.

ಮೂರು ತಿಂಗಳ ಹಿಂದ ನಮ್ಮ ದವಾಖಾನಿಗೆ ಒಬ್ಬ ಬ್ಯಾಂಕಿನ ಏಜೆಂಟ ಬಂದಿದ್ದ. ನರ್ಸುಗಳು ಹತ್ತು ಮಂದಿ ಕೂಡೇ ಕ್ರೆಡಿಟ್ ಕಾರ್ಡಿಗೆ ಅರ್ಜಿ ತುಂಬಿದಿವಿ. ಕಾರ್ಡ ಟಪಾಲಿನ್ಯಾಗ ಬಂತು. ಬಂದ ಕೂಡ್ಲೇ ಅದು ನಡಿಯೂದಿಲ್ಲ. ಚಾಲೂ ಮಾಡಾಕ ಬ್ಯಾಂಕಿಗೆ ಫೋನ್ ಹಚ್ಚಬೇಕು, ಕಾರ್ಡ ಹಿಡಕೊಂಡಾಕಿ ಖರೇನ ಆಕಿ ಹೌದಿಲ್ಲೋ ಅಂತ ಅವರು ಕೇಳಿ ನೋಡ್ತಾರ.

ಹಚ್ಚಿದೆ. ಒಬ್ಬಾಕಿ ಹುಡುಗಿ, ಹಿಂದಿಯಾಗ ಮಾತಾಡಿದ್ಲು. ಹುಟ್ಟಿದ ತಾರೀಖು ಕೇಳಿದ್ಲು, ಹೇಳಿದೆ. ವಿಳಾಸ ಕೇಳಿದ್ಲು, ಹೇಳಿದೆ. ಆಮ್ಯಾಲೆ "ತಾಯಿ ಹೆಸರು ಹೇಳ್ರಿ" ಅಂದ್ಲು.

ಅರ್ಜಿಯಾಗ ನಾ ಬರೆದದ್ದು ಖಾತುನಬಿ ಅಂತ. ನನ್ನ ಸಾಲಿಗೆ ಹಚ್ಚುವಾಗ ತಾಯಿ ಹೆಸರಿನ ಜಾಗದಾಗ ನೀವು ನಿಮ್ಮ ಅಕ್ಕನ ಹೆಸರ ಬರೆಸಿದ್ರಿ. ಹಡೀಲಾರದ ನನ್ನ ಬೆಳೆಸಿದಾಕಿ ಫುಪ್ಪಿ, ಅದಕ್ಕ ನಾನೂ ಎಲ್ಲಾ ಕಡೆ ಅದನ್ನ ಬರಕೋತ ಬಂದೀನಿ. ಒಮ್ಮೆನೂ ತಪ್ಪಿಲ್ಲ. ಅವತ್ತ ನನ್ನ ಬಾಯಿಂದ ಬಂದದ್ದು "ಸೈರಾಬಾನು."

ಅಬ್ಬಾ, ನಾಲ್ಕ ವರ್ಷದಾಕಿ ಇದ್ದಾಗ ಬಿಟ್ಟ ಹೆಸರದು. ನಮ್ಮ ಮನಿಯಾಗ ಆ ಹೆಸರ ಯಾರೂ ಎತ್ತಿಲ್ಲ. ನನಗ ನೆನಪೈತಿ ಅಂತ ನನಗ ಗೊತ್ತಿರಲಿಲ್ಲ.

ಆ ಹುಡುಗಿ "ಇಲ್ರಿ, ನಮ್ಮ ಕಡೆ ಬ್ಯಾರೆ ಐತಿ, ವಿಚಾರ ಮಾಡಿ ಹೇಳ್ರಿ" ಅಂದ್ಲು. ಎರಡನೇ ಸಲನೂ ಅದನ್ನ ಅಂದೆ. ಮೂರನೇ ಸಲ ಖಾತುನಬಿ ಅಂದೆ. "ನೀವು ಎರಡು ಹೆಸರ ಹೇಳಿದ್ರಿ" ಅಂತ ಕಾರ್ಡ ಬಂದ್ ಮಾಡಿದ್ಲು. ನಿನ್ನೆ ಕಾಗದ ಬಂತು. ತಾಯಿಯ ಹೆಸರು ತಾಳೆಯಾಗಿಲ್ಲ, ಅರವತ್ತು ದಿನದೊಳಗ ಪುರಾವೆ ಕಳಿಸ್ರಿ, ಇಲ್ಲಾಂದ್ರ ಕಾರ್ಡ ರದ್ದು ಅಂತ ಬರೆದಾರ.

ಕಾರ್ಡ ಹೋದ್ರ ಹೋಗ್ಲಿ. ಆಕಿ ಎಲ್ಲಿ ಅದಾಳ? ಇದ್ದಾಳೋ ಇಲ್ಲೋ?

ನಿಮ್ಮ ಮಗಳು,
ನಾಹೀದ


ಗಜೇಂದ್ರಗಡ
ತಾ. 26-6-2006

ಬೇಟಿ ನಾಹೀದಗ ಸುಭಾನಸಾಬನ ದುವಾ.

ಕಾಗದ ಮುಟ್ಟಿತು. ಕೆಮ್ಮು ಕಡಿಮಿ ಐತಿ. ಮಳಿ ಒಂದ ಆಗೇತಿ, ಮಂದಿ ಹೆಸರ ಕಾಳ ಬಿತ್ತಾಕ ಹತ್ಯಾರ. ಹಳೇ ಗಾದಿ ಹಿಂಜಿಸಾಕ ಈಗ ಯಾರೂ ಬರೂದಿಲ್ಲ, ಪ್ಯಾಟಿಯಾಗ ಫೋಮಿನ ಗಾದಿ ಬಂದಾವು.

ನಿನ್ನ ಸಾಲಿ ದಾಖಲೆಯ ಝೆರಾಕ್ಸ ಇದರೊಳಗ ಇಟ್ಟೀನಿ. ಅದರಾಗ ತಾಯಿ ಹೆಸರ ಖಾತುನಬಿ ಅಂತ ಐತಿ, ಶಿಕ್ಕಾನೂ ಐತಿ. ಬ್ಯಾಂಕಿಗೆ ಕಳಿಸು. ಕೆಲಸ ಆಗ್ತೈತಿ. ಉಳಿದದ್ದು ಬ್ಯಾಂಕಿಗೆ ಬೇಕಾಗಿಲ್ಲ.

ಹೊತ್ತಿಗೆ ಸರಿ ಊಟ ಮಾಡು.

ನಿನ್ನ ಅಬ್ಬಾ


ಪುಣೆ
ತಾ. 9-7-2006

ಅಬ್ಬಾ,

ಝೆರಾಕ್ಸ ವಾಪಸ್ ಕಳಿಸೀನಿ. ಸಿಟ್ಟಾಗಬ್ಯಾಡ್ರಿ.

ನನ್ನ ಡ್ಯೂಟಿ ಬಾಣಂತಿಯರ ವಾರ್ಡಿನ್ಯಾಗ. ಕೂಸು ಹುಟ್ಟಿದ ಕೂಡ್ಲೇ ನಾ ಮಾಡೂ ಮೊದಲನೇ ಕೆಲಸ ಅದರ ಕೈಗೆ ಪಟ್ಟಿ ಕಟ್ಟೂದು. ಕೂಸಿಗೆ ಆಗ ಇನ್ನೂ ಹೆಸರಿರೂದಿಲ್ಲ. ಪಟ್ಟಿ ಮ್ಯಾಲೆ ತಾಯಿ ಹೆಸರ ಬರೀತೀವಿ. ಎರಡು ವರ್ಷದಾಗ ಎಷ್ಟು ಪಟ್ಟಿ ಕಟ್ಟೀನೋ ಲೆಕ್ಕಿಲ್ಲ. ಆ ಫೋನ್ ಆದ ಮ್ಯಾಲೆ ಪ್ರತಿ ಪಟ್ಟಿ ಕಟ್ಟುವಾಗ ನನ್ನ ಕೈಗೆ ಯಾರು ಕಟ್ಟಿದ್ರು, ಏನು ಬರೆದಿದ್ರು ಅಂತ ವಿಚಾರ ಬರ್ತೈತಿ.

ಒಂದ ಹೇಳ್ರಿ. ಆಕಿ ನನ್ನ ಬಿಟ್ಟು ಹೋದ್ಲೋ, ನೀವು ಬಿಡಿಸಿದ್ರೋ?

ನಾಹೀದ


ಗಜೇಂದ್ರಗಡ
ತಾ. 28-7-2006

ನಾಹೀದಗ ಫುಪ್ಪಿ ಖಾತುನಬಿ ಬರಸೂದು.

ನಿಮ್ಮ ಅಬ್ಬಾ ಕಾಗದ ಅಕ್ಕಿ ಡಬ್ಬಿಯಾಗ ಮುಚ್ಚಿಟ್ಟಿದ್ದ. ಅಕ್ಕಿ ತಗಿಯಾಕಿ ನಾನ ಅಲ್ಲೇನು? ಬಾಜೂ ಮನಿ ಜಹೀದಾನ ಕಡಿಂದ ಎರಡೂ ಕಾಗದ ಓದಿಸಿದೆ.

ಆ ಬ್ಯಾಂಕಿನವರು ಯಾರು ಕೇಳಾಕ? ನಿನ್ನ ತಾಯಿ ಯಾರಂತ ಅವರಿಗೆ ಏನು ಕೆಲಸ? ಕೇಳಾಕ ಬಂದ್ರ ಇಷ್ಟು ಹೇಳು ಆ ಹುಡುಗಿಗೆ: ನಿನ್ನ ತಲಿಯಾಗಿನ ಹೇನ ಆರಿಸಿದಾಕಿ ಖಾತುನಬಿ. ನಿನಗ ಮೈತುಂಬ ಗೊಬ್ಬರದ ಗುಳ್ಳಿ ಎದ್ದಾಗ ಇಪ್ಪತ್ತೊಂದ ದಿನ ಬೇವಿನ ತಪ್ಪಲ ಹಿಡಕೊಂಡು ಕುಂತಾಕಿ ಖಾತುನಬಿ. ನರ್ಸಿಂಗ್ ಕಲಿಯಾಕ ಹೊಂಟಾಗ, ಹೆಣ್ಣ ಹುಡುಗಿ ಅಷ್ಟು ದೂರ ಯಾಕ ಅಂತ ನಿಮ್ಮ ಅಬ್ಬಾ ಅಂದ, ಅಂವನ ಕೂಡ ಹದಿನೈದ ದಿನ ಮಾತ ಬಿಟ್ಟಾಕಿನೂ ಖಾತುನಬಿ. ನಾ ಗಂಡನ್ನ ಕಳಕೊಂಡು ಒಬ್ಬಾಕಿ ಇದ್ದೆ. ನಿಮ್ಮ ಅಬ್ಬಾ ನಿನ್ನ ಹೆಗಲ ಮ್ಯಾಲೆ ಹೊತಗೊಂಡು ಬಂದು ನನ್ನ ಹೊಸ್ತಿಲದಾಗ ಇಳಿಸಿದ. "ಇನ್ನ ಇಕಿ ನಿನ್ನಾಕಿ" ಅಂದ. ನಾ ಯಾಕ ಅಂತ ಕೇಳಲಿಲ್ಲ. ಕೊಟ್ಟಾಂವ ಖುದಾ ಅಂತ ತಗೊಂಡೆ.

ಈಗ ನಿನ್ನ ಬಾಯಾಗ ಆಕಿ ಹೆಸರ ಬಂತು. ಬರ್ಲಿ. ನಾ ಏನು ಮಾಡ್ಲಿ? ನಾ ತುತ್ತು ಹಾಕಿದ ಬಾಯಿ ಅದು.

ನಿಮ್ಮ ಅಬ್ಬಾ ಎಂಟ ದಿನದಿಂದ ಸರಿ ಉಂಡಿಲ್ಲ.

ಫುಪ್ಪಿ

(ನಾಹೀದ, ಬರಕೊಟ್ಟಾಕಿ ನಾನು ಜಹೀದಾ. ಇದನ್ನ ಹೇಳುವಾಗ ಫುಪ್ಪಿ ಭಾಳ ಅತ್ರು. ಅದನ್ನ ಬರೀಬ್ಯಾಡ ಅಂದಾರ.)


ಗಜೇಂದ್ರಗಡ
ತಾ. 20-8-2006

ಬೇಟಿ,

ಮೂರು ಸಲ ಬರದು ಹರದೀನಿ. ಇದು ನಾಲ್ಕನೇದು.

ಆಗ ನಾವು ಇದ್ದದ್ದು ರೋಣದಾಗ, ಬಾಡಿಗಿ ಮನಿ. ನೀ ನಾಲ್ಕ ವರ್ಷದಾಕಿ. ನಿನ್ನ ಬೆನ್ನಿಗೆ ಒಬ್ಬ ತಮ್ಮ ಇದ್ದ, ಅಯಾಜ ಅಂತ. ಏಳು ತಿಂಗಳ ಕೂಸು. ಇದು ನಿನಗ ನೆನಪಿಲ್ಲ, ನಾವೂ ಹೇಳಿಲ್ಲ.

ಲಗ್ನದ ಹಂಗಾಮು. ನಾ ಗಜೇಂದ್ರಗಡದಾಗ ಒಬ್ಬ ದೊಡ್ಡ ಮನಷ್ಯಾರ ಮನಿ ಲಗ್ನಕ್ಕ ಹದಿನಾರು ಗಾದಿ ಹೊಲ್ಯಾಕ ಒಪ್ಪಿಕೊಂಡು ಅವರ ಅಂಗಳದಾಗ ಕೆಲಸಕ್ಕ ಕುಂತಿದ್ದೆ. ಕೂಸಿಗೆ ಜ್ವರ ಬಂದ್ವು. ನಿಮ್ಮ ತಾಯಿ ನೆರಿಮನಿ ದ್ಯಾವಪ್ಪನ್ನ ಕಳಿಸಿದ್ಲು. ಅಂವ ಬಂದು, "ಸುಭಾನಣ್ಣಾ, ಕೂಸಿಗೆ ಭಾಳ ಐತಿ, ಲಗೂ ಬಾ" ಅಂದ. ನಾ "ನಾಳಿ ಬರ್ತೀನಿ" ಅಂದೆ. ಮರುದಿನ ಮತ್ತ ಬಂದ. "ಇನ್ನ ನಾಲ್ಕ ಗಾದಿ ಅದಾವು, ಮುಗಿಸಿ ಬರ್ತೀನಿ" ಅಂದೆ. ಮಕ್ಕಳಿಗೆ ಜ್ವರ ಬರ್ತಾವ, ಹೋಗ್ತಾವ ಅಂತ ತಿಳದೆ.

ಮೂರನೇ ದಿನ ನಿಮ್ಮ ತಾಯಿ ನನ್ನ ದಾರಿ ನೋಡಲಾರದ ನಿಮ್ಮಿಬ್ಬರನ್ನ ಕರಕೊಂಡು ನೀ ಹುಟ್ಟಿದ ಊರು, ತನ್ನ ತವರಮನಿ ನರಗುಂದಕ್ಕ ಹೋದ್ಲು, ಅಲ್ಲಿ ಚಲೋ ಡಾಕ್ಟರ ಅದಾರ ಅಂತ. ಕೂಸು ಅಲ್ಲಿ ಹೋತು.

ನಾ ನರಗುಂದ ಮುಟ್ಟಿದಾಗ ಮಣ್ಣು ಆಗಿತ್ತು. ನನ್ನ ಕೈಗೆ ಒಂದು ಮುಷ್ಟಿ ಮಣ್ಣ ಸುದ್ದಾ ಉಳಿದಿರಲಿಲ್ಲ. ನಾ ಆಕಿ ಅಣ್ಣನ ಅಂಗಳದಾಗ ನಿಂತು, "ನನ್ನ ಕೇಳಲಾರದ ಬಿಸಲಾಗ ಕೂಸಿನ್ನ ಯಾಕ ತಂದಿ, ನೀನ ಕೊಂದಿ" ಅಂದೆ. ನಾ ಮೂರು ಸಲ ತಲಾಖ ಅಂತ ಅನ್ನಬಾರದ್ದು ಅಂದುಬಿಟ್ಟೆ. ನಿನ್ನ ಹೆಗಲಿಗೆ ಹಾಕ್ಕೊಂಡು ಬಂದೆ.

ಆಕಿ ನಿನ್ನ ನೋಡಾಕ ಎರಡು ಸಲ ಗಜೇಂದ್ರಗಡಕ್ಕ ಬಂದಿದ್ಲು. ಬಾಗಲ ತಗೀಬ್ಯಾಡ ಅಂತ ಅಕ್ಕಗ ನಾನ ಹೇಳಿದ್ದೆ. ದ್ಯಾವಪ್ಪ ಬಂದು ಕರದಿದ್ದ ಅನ್ನೂದು ಅಕ್ಕಗೂ ಗೊತ್ತಿಲ್ಲ. ಅಂವ ತೀರಿ ಹೋಗ್ಯಾನ. ಈಗ ಅದು ಗೊತ್ತಿರೂದು ನನಗ, ನಿನಗ.

ನೀ ಕೇಳಿದಿ, ಬಿಟ್ಟು ಹೋದ್ಲೋ ಬಿಡಿಸಿದ್ರೋ ಅಂತ. ಬಿಡಿಸಿದಾಂವ ನಾನು.

ಆಕಿ ಶಿರೋಳದಾಗ ಅದಾಳ. ಮೆಹಬೂಬಸುಭಾನಿ ಅನ್ನಾಂವಗ ಮಾಡಿಕೊಟ್ಟಾರ, ಒಕ್ಕಲತನದ ಮನಿ. ಕೆಳಗ ವಿಳಾಸ ಬರದೀನಿ.

ನಿನ್ನ ಅಬ್ಬಾ ಅನ್ನಾಂವ,
ಸುಭಾನಸಾಬ


ಪುಣೆ
ತಾ. 3-9-2006

ಶಿರೋಳದ ಸೈರಾಬಾನು ಅವರಿಗೆ,

ಸಲಾಮ್.

ನಾನು ನಾಹೀದ. ಪುಣೆಯ ದವಾಖಾನಿಯೊಂದರಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಬ್ಯಾಂಕಿನವರು ನನ್ನ ತಾಯಿಯ ಹೆಸರಿಗೆ ಪುರಾವೆ ಕೇಳಿದ್ದಾರೆ. ನಾನು ಹುಟ್ಟಿದ್ದು ನರಗುಂದದಲ್ಲಿ ಎಂದು ತಿಳಿಯಿತು. ನನ್ನ ಜನನದ ದಾಖಲೆಯನ್ನು ಅಲ್ಲಿಯ ಕಚೇರಿಯಿಂದ ತೆಗೆಸಿ ಕಳಿಸಲು ನಿಮಗೆ ಸಾಧ್ಯವಾದರೆ ಉಪಕಾರವಾಗುವುದು. ಹುಟ್ಟಿದ ತಾರೀಖು 14-2-1982. ತೊಂದರೆ ಇದ್ದರೆ ಬೇಡ.

ನಿಮ್ಮನ್ನ ಏನಂತ ಕರೀಬೇಕು ತಿಳೀಲಿಲ್ಲ. ಅದಕ್ಕ ಹೆಸರ ಬರದೀನಿ. ತಪ್ಪು ತಿಳೀಬ್ಯಾಡ್ರಿ.

ನಾಹೀದ


ಶಿರೋಳ
ತಾ. 31-10-2006

ನಾಹೀದಗ,

ನಿನ್ನ ಕಾಗದ ಬಂದು ಎರಡು ತಿಂಗಳಾತು. ಉತ್ತರ ಬರಲಿಲ್ಲ ಅಂತ ಏನೇನು ತಿಳಕೊಂಡಿಯೋ. ಬರೀಗೈಲೆ ಬರೀಬಾರದು, ದಾಖಲೆ ಸಿಕ್ಕ ಮ್ಯಾಲೆ ಬರದ್ರಾತು ಅಂತ ಕುಂತೆ. ನಾ ನಾಲ್ಕನೇತ್ತಾ ತನಕ ಕಲತಾಕಿ. ಅಕ್ಷರ ಸೊಟ್ಟ ಅದಾವು.

ನರಗುಂದದ ಕಚೇರಿಗೆ ಐದು ಸಲ ಹೋದೆ. "ಕೂಸಿಗೆ ನೀ ಏನಾಗಬೇಕು?" ಅಂತ ಕೇಳಿದ್ರು. "ತಾಯಿ" ಅಂದೆ. "ತಾಯಿ ಅನ್ನಾಕ ಪುರಾವೆ ಏನೈತಿ?" ಅಂದ್ರು. ನನ್ನ ರೇಷನ್ ಕಾರ್ಡಿನ್ಯಾಗ ನಿನ್ನ ಹೆಸರಿಲ್ಲ. ಗಂಡನ ಹೆಸರ ಬ್ಯಾರೆ ಐತಿ. ಅವರ ತಪ್ಪೇನಿಲ್ಲ, ಅವರು ಕೇಳಬೇಕಾದ್ದ ಕೇಳಿದ್ರು. ಹೊರಗ ಬಂದು ಕಟ್ಟಿ ಮ್ಯಾಲೆ ಕುಂತು ಅತ್ತೆ. ಮನಿಯವರಿಗೆ ಎಲ್ಲಾ ಹೇಳಿದೆ. ಅವರಿಗೆ ನಿನ್ನ ವಿಚಾರ ಮೊದಲ ಗೊತ್ತೈತಿ, ಲಗ್ನಕ್ಕಿಂತ ಮುಂಚೆ ಹೇಳಿದ್ದೆ. "ಸೂಲಗಿತ್ತಿ ಕಾಶೀಂಬಿ ಇನ್ನೂ ಅದಾಳಲ್ಲ, ಕರಕೊಂಡು ಹೋಗೂಣು" ಅಂದ್ರು. ಆಕಿಗೆ ಕಣ್ಣು ಕಾಣೂದಿಲ್ಲ. ಕೈ ಹಿಡಕೊಂಡು ಹೋದಿವಿ. ಮುದಿಕಿ ಸಾಹೇಬರ ಟೇಬಲ್ ಬಡದು, "ಇಕಿ ಹಡದಾಗ ಹೊಕ್ಕಳಬಳ್ಳಿ ಕೊಯ್ದ ಕೈ ಇದು, ನೋಡ್ಕೊಳ್ರಿ. ಇದಕ್ಕೂ ಶಿಕ್ಕಾ ಬೇಕೇನು?" ಅಂದ್ಲು. ಎಲ್ಲಾರೂ ನಕ್ರು. ಹಳೇ ದಪ್ತರ ತಗದ್ರು. ಸಿಕ್ತು.

ಅದರಾಗ ಕೂಸಿನ ಹೆಸರ ಇಲ್ಲ. "ಹೆಣ್ಣು" ಅಂತ ಅಷ್ಟ ಐತಿ. ಆಗ ನಿನಗ ಹೆಸರ ಇಟ್ಟಿರಲಿಲ್ಲ. ಆದ್ರ ತಾಯಿ ಹೆಸರ ಐತಿ. ಬ್ಯಾಂಕಿಗೆ ಅದು ಸಾಕಲ್ಲ?

ನಿನ್ನ ನಾ ನೋಡೀನಿ. ನೀ ರೋಣಕ್ಕ ಕಾಲೇಜಿಗೆ ಬರುವಾಗ, ಮಣಕವಾಡದ ಗೊತ್ತಿದ್ದಾಕಿ ಒಬ್ಬಾಕಿ ನಿನ್ನ ತೋರಿಸಿದ್ಲು. ಎರಡು ಸಲ ಬಸ್ ಸ್ಟ್ಯಾಂಡಿಗೆ ಬಂದು ಕುಂತಿದ್ದೆ. ಎರಡನೇ ಸಲ ಧೈರ್ಯ ಮಾಡಿ ನಿನ್ನ ಹಂತೇಕ ಬಂದು, "ಗಜೇಂದ್ರಗಡದ ಬಸ್ ಯಾವುದವಾ?" ಅಂತ ಕೇಳಿದೆ. ನೀ ಪುಸ್ತಕದಿಂದ ತಲಿ ಎತ್ತಿ, "ಆ ಕೆಂಪನೇದು ನೋಡ್ರಿ, ನಾನೂ ಅದಕ್ಕ ಹೊಂಟೀನಿ, ಬರ್ರಿ" ಅಂದಿ. ನನಗ ಆ ಬಸ್ಸಿಗೆ ಹೋಗೂದಿರಲಿಲ್ಲ. ನೀ ಹತ್ತಿ ಕಿಡಕಿಯಾಗಿಂದ ನನ್ನ ಕೈ ಮಾಡಿ ಕರದಿ. ನಾ ನಿಂತಲ್ಲೇ ನಿಂತೆ.

ನಿಮ್ಮ ಅಬ್ಬಾ ಏನು ಹೇಳ್ಯಾರೋ ಗೊತ್ತಿಲ್ಲ. ಅವರ ಮ್ಯಾಲೆ ಸಿಟ್ಟು ಇಟಗೋಬ್ಯಾಡ. ಆವಾಗ ದ್ಯಾವಪ್ಪನ್ನ ಕಳಿಸಿದ್ದೆ, ಅಂವಗ ಅವರು ಸಿಗಲಿಲ್ಲ. ಸುದ್ದಿ ಮುಟ್ಟಿದ್ರ ಓಡಿ ಬರ್ತಿದ್ರು.

ನನಗ ಇಲ್ಲಿ ಇಬ್ಬರು ಗಂಡ ಮಕ್ಕಳು. ದೊಡ್ಡಾಂವ ಆಫ್ತಾಬ. ನಿನಗ ಬಾ ಅನ್ನಾಕ ನನಗ ಹಕ್ಕಿಲ್ಲ. ಬ್ಯಾಡ ಅನ್ನಾಕ ಬಾಯಿ ಬರೂದಿಲ್ಲ. ರಮಜಾನದ ಹಬ್ಬಕ್ಕ ಹಾಲು ಶಾವಿಗಿ ಹಾಕಿ ಸುರಕುಂಬಾ ಮಾಡುವಾಗ ಒಂದು ಬಟ್ಟಲ ಹೆಚ್ಚಿಗಿ ತಗದಿಟ್ಟಿದ್ದೆ. ಯಾಕ ಅಂತ ಯಾರೂ ಕೇಳಲಿಲ್ಲ.

ಸೈರಾಬಾನು


ಪುಣೆ
ತಾ. 10-12-2006

ಅಬ್ಬಾ,

ಅಮ್ಮನ ಕಾಗದ ಬಂತು. ಅಮ್ಮ ಅಂತ ಬರದೀನಿ, ನೋಡ್ರಿ.

ಆಕಿಗೆ ನಾ ಒಂದು ಸುಳ್ಳು ಹೇಳೀನಿ. ಬ್ಯಾಂಕಿನ ಅರವತ್ತು ದಿನ ಆಗಸ್ಟಿನ್ಯಾಗ ಮುಗದು ಕಾರ್ಡ ರದ್ದಾಗಿತ್ತು. ನಾ ಆಕಿಗೆ ಬರದದ್ದು ಸೆಪ್ಟೆಂಬರದಾಗ. ಬರಿಯಾಕ ಒಂದು ನೆವ ಬೇಕಾಗಿತ್ತು, ಅಷ್ಟ. ಆ ನೆವಕ್ಕ ಆಕಿ ಐದು ಸಲ ಬಸ್ ಹತ್ತ್ಯಾಳ, ಕಣ್ಣಿಲ್ಲದ ಮುದಿಕಿನ್ನ ಕರಕೊಂಡು ಹೋಗ್ಯಾಳ. ನನಗ ನಾಚಿಕಿ ಬಂತು. ದಾಖಲೆ ಬಂದ ಮರುದಿನನ ಹೊಸ ಅರ್ಜಿ ಹಾಕಿದೆ, ಜೋಡಿ ಒಂದು ಅಫಿಡವಿಟ್ಟೂ ಮಾಡಿಸಿದೆ. ಕಾರ್ಡ ಬಂತು. ಫೋನ್ ಹಚ್ಚಿದೆ. ಈ ಸಲ ಒಬ್ಬ ಹುಡುಗ. ತಾಯಿ ಹೆಸರ ಕೇಳಿದ, ಹೇಳಿದೆ. "ಧನ್ಯವಾದಗಳು, ನಿಮ್ಮ ಕಾರ್ಡ ಚಾಲೂ ಆಗೇತಿ" ಅಂದ. ಅಂವಗ ಇನ್ನೊಂದು ಸಲ ಕೇಳು ಅನ್ನಬೇಕು ಅನಿಸ್ತು.

ಇದನ್ನ ಫುಪ್ಪಿಗೆ ಓದಿ ಹೇಳ್ರಿ. ಫುಪ್ಪಿ, ಅರ್ಜಿಯಾಗಿನ ಹೆಸರ ಬದಲಾತು. ನಿನ್ನ ಹೆಸರ ಅಲ್ಲಿಂದ ತಗಿಯುವಾಗ ನನಗ ಹ್ಯಾಂಗಾತು ಅಂತ ಬರಿಯಾಕ ಬರೂದಿಲ್ಲ. ಆದ್ರ ನನಗ ಜ್ವರ ಬಂದ್ರ ನಾ ಯಾರನ್ನ ಕರೀತೀನಿ ಅಂತ ನನ್ನ ಕೋಲಿಯಾಗಿನ ಹುಡುಗ್ಯಾರಿಗೆ ಗೊತ್ತೈತಿ.

ಇನ್ನ ಮುಂದಿನದು ನಿಮಗಷ್ಟ, ಅಬ್ಬಾ. ದ್ಯಾವಪ್ಪಗ ನೀವು ಸಿಗಲಿಲ್ಲ ಅಂತ ಅಮ್ಮ ತಿಳಕೊಂಡಾಳ. ಸುದ್ದಿ ಮುಟ್ಟಿದ್ರ ಓಡಿ ಬರ್ತಿದ್ರು ಅಂತ ಬರದಾಳ. ಇಪ್ಪತ್ತು ವರ್ಷ ಅದನ್ನ ನಂಬಿಕೊಂಡು ಬಂದಾಳ. ನಾ ಆಕಿಗೆ ಏನೂ ಹೇಳಿಲ್ಲ, ಹೇಳೂದೂ ಇಲ್ಲ. ಅದು ನನ್ನ ಮಾತಲ್ಲ, ನಿಮ್ಮದು. ಹೇಳ್ತೀರೋ ಬಿಡ್ತೀರೋ ನಿಮಗ ಬಿಟ್ಟದ್ದು.

ಬಕ್ರೀದಿಗೆ ರಜಾ ಸಿಗಲಿಲ್ಲ.

ನಾಹೀದ


ಗಜೇಂದ್ರಗಡ
ತಾ. 10-1-2007

ಬೇಟಿ ನಾಹೀದಗ ಅಬ್ಬಾನ ದುವಾ.

ನಿನ್ನ ಕಾಗದ ಓದಿದ ದಿನ ಅಕ್ಕಗ ದ್ಯಾವಪ್ಪನ ವಿಚಾರ ಹೇಳಿದೆ. ಆಕಿ ರೊಟ್ಟಿ ಬಡಿಯೂದು ಬಿಟ್ಟು ನನ್ನ ಮಾರಿ ನೋಡಿದ್ಲು. "ಆಕಿ ಬಾಗಲದಾಗ ಬಂದು ನಿಂತಾಗ ನನ್ನ ಕಡಿಂದ ಚಿಲಕ ಹಾಕಿಸಿದಿಯಲ್ಲೋ" ಅಂದ್ಲು. ಎರಡು ದಿನ ನನಗ ತಾಟ ಹಚ್ಚಿ ಕೊಡಲಿಲ್ಲ. ಮೂರನೇ ದಿನ ತಾನ ಬುರಖಾ ಹಾಕ್ಕೊಂಡು ಅಂಗಳದಾಗ ನಿಂತು, "ನಡಿ ಶಿರೋಳಕ್ಕ" ಅಂದ್ಲು. ಹಬ್ಬ ಆಗ್ಲಿ ಅಂದೆ. ಹಬ್ಬ ಆತು, ನಿನ್ನೆ ಹೋದಿವಿ.

ಮೆಹಬೂಬಸುಭಾನಿ ಹೊಲಕ್ಕ ಹೊಂಟಿದ್ದ. ನಾವು ಯಾರಂತ ಹೇಳಿದ್ವಿ. ಅಂವ ಬಾರಕೋಲ ಇಟ್ಟು, ಕೈಕಾಲಿಗೆ ನೀರ ಕೊಟ್ಟು, ಒಳಗ ಕರಕೊಂಡ. ಭಾಳ ಸಮಾಧಾನದ ಮನಷ್ಯಾ. ಸೈರಾ ಅಡಗಿಮನಿ ಬಾಗಲಿಗೆ ಬಂದು ಸೆರಗ ಮುಂದ ಮಾಡಿ ನಿಂತ್ಲು. ತಲಿ ಬೆಳ್ಳಗಾಗೇತಿ.

ನಾ ಕುಂಡರಲಿಲ್ಲ. ನಿಂತ ಹೇಳಿದೆ. ದ್ಯಾವಪ್ಪ ಬಂದಿದ್ದ, ಒಂದಲ್ಲ ಎರಡು ಸಲ ಬಂದಿದ್ದ, ನಾನ ಬರಲಿಲ್ಲ, ಗಾದಿ ಹೊಲಕೋತ ಕುಂತೆ, ತಪ್ಪು ನಂದು, ಅನ್ನಬಾರದ್ದು ನಿನಗ ಅಂದೆ. ಇಷ್ಟು ಹೇಳಾಕ ಇಪ್ಪತ್ತು ವರ್ಷ ಬೇಕಾತು ಅಂದೆ.

ಆಕಿ ನೆಲ ನೋಡಕೋತ, "ಗೊತ್ತೈತ್ರಿ" ಅಂದ್ಲು. "ದ್ಯಾವಪ್ಪಣ್ಣ ಅವತ್ತ ಹೇಳಿದ್ದ. ನಾಲ್ಕ ಗಾದಿ ಉಳದಾವಂತ, ಮುಗಿಸಿ ಬರ್ತಾರಂತ ಅಂತ."

ಗೋಡಿ ಹಿಡಕೊಂಡು ಕುಂತೆ. "ಮತ್ತ ಹುಡುಗಿಗೆ ಹಂಗ ಯಾಕ ಬರದಿ?" ಅಂದೆ.

"ಆಕಿ ನಿಮ್ಮ ಹಂತೇಕ ಬೆಳದಾಳ. ಆಕಿ ಅಬ್ಬಾನ್ನ ಕಸಗೊಂಡು ನಾ ಏನು ಮಾಡ್ಲಿ?" ಅಂದ್ಲು.

ಮಾಫ ಮಾಡಿದೆ ಅಂತ ಆಕಿ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಮೆಹಬೂಬಸುಭಾನಿ ನನ್ನ ಹೊರಗ ಕರಕೊಂಡು ಬಂದು ಕಟ್ಟಿ ಮ್ಯಾಲೆ ಕುಂಡರಿಸಿ ಚಹಾ ಕೊಟ್ಟ, ಈ ವರ್ಷದ ಕಡ್ಲಿ ಪೀಕಿನ ಮಾತು ತಗದ.

ನಿನಗ ರಜಾ ಸಿಕ್ಕ ತಾರೀಖ ಬರಿ. ನರಗುಂದದಾಗ ಇಳದು ಶಿರೋಳದ ಬಸ್ ಕೇಳಿದ್ರ ಯಾರಾದ್ರೂ ತೋರಿಸ್ತಾರ. ನನ್ನ ಕರಕೊಂಡು ಹೋಗಬೇಕಂತಿಲ್ಲ. ನೀ ಒಬ್ಬಾಕಿನ ಹೋಗು.

ಇಷ್ಟೊತ್ತು ಒಳಗ ಏನಾತಂತ ಬರೀಲಿಲ್ಲ. ಅಕ್ಕ ಮೊದಲ ಹೊಸ್ತಿಲ ದಾಟಲಿಲ್ಲ, ಬಾಗಲ ಚೌಕಟ್ಟ ಹಿಡಕೊಂಡು ನಿಂತಿದ್ಲು. ಸೈರಾನ ಹೋಗಿ ಆಕಿ ಕೈ ಹಿಡದು ಕರಕೊಂಡು ಬಂದು ಒಲಿ ಮುಂದ ಕುಂಡರಿಸಿದ್ಲು. ಆಮ್ಯಾಲೆ ಸೈರಾ ಸಣ್ಣ ದನಿಲೆ, "ಆಪಾ, ಮೊದಲ ದಿನ ಸಾಲಿಗೆ ಹೋಗುವಾಗ ಅತ್ಲೇನ್ರಿ?" ಅಂತ ಕೇಳಿದ್ದು ನನಗ ಹೊರಗ ಕೇಳಿಸ್ತು. ಅಕ್ಕ ಹೇಳಾಕ ಹತ್ತಿದ್ಲು. ನೀ ಅಳಲಿಲ್ಲ, ಅತ್ತಾಕಿ ತಾನು ಅಂತ. ಪಾಟಿ ಒಡಕೊಂಡು ಬಂದದ್ದು, ಬದನೀಕಾಯಿ ತಾಟಿನಿಂದ ಎತ್ತಿ ಬೆಕ್ಕಿಗೆ ಹಾಕಿದ್ದು, ಹಾಲಹಲ್ಲು ಬಿದ್ದಾಗ ಮಾಡಿನ ಮ್ಯಾಲೆ ಒಗಿಯಾಕ ಬಿಡಲಾರದ ಮುಷ್ಟಿಯಾಗ ಹಿಡಕೊಂಡು ಮಲಗಿದ್ದು. ಒಂದೊಂದಕ್ಕೂ ಸೈರಾ "ಮುಂದ, ಆಪಾ?" ಅನ್ನಾಕಿ.

ಬಿಸಲ ಇಳೀತು. ನರಗುಂದದ ಬಸ್ಸಿನ ಹೊತ್ತಾತು ಅಂತ ನಾ ಬಾಗಲಿಗೆ ಹೋಗಿ ನಿಂತೆ. ಅಕ್ಕ ತಿರಿಗಿ ಸುದ್ದಾ ನೋಡಲಿಲ್ಲ, ಕೈ ಎತ್ತಿ ಸುಮ್ಮನಿರು ಅಂದ್ಲು. ಬಸ್ಸು ಹೋತು. ಅಕ್ಕನ ಮಾತಿನ್ಯಾಗ ಆಗಿನ್ನೂ ನೀನು ಮೂರನೇತ್ತಾ ಮುಗಿಸಿರಲಿಲ್ಲ.

ನಿನ್ನ ಅಬ್ಬಾ,
ಸುಭಾನಸಾಬ